ನಂದಾದೀಪಕ್ಕೆ ಕಾವಲು ಕೂತ ಕ್ಯಾಮೆರಾ

ನಿಮ್ಮ ಮನೆಯ ನೆಟ್ಟಿನಲ್ಲಿ ಇದು ಓಡುವುದಿಲ್ಲ ಎಂದು ಕ್ಯಾಮೆರಾ ಅಂಗಡಿಯವನು ಸುಮಂಗಲಾಳಿಗೆ ಮೂರು ಸಲ ಹೇಳಿದ. ಮೂರು ಸಲವೂ ಅವಳು ತಲೆಯಾಡಿಸಿ ಕೇಳಿಸಿಕೊಂಡಳು. ನಾಲ್ಕನೆಯ ಸಲ ಅವನು ಬಾಯಿ ತೆರೆಯುವ ಮೊದಲೇ, ಕೊಡುವುದು ನಿಮ್ಮ ಕೆಲಸ, ಓಡಿಸುವುದು ನನ್ನ ಕೆಲಸ ಎಂದು ಮರಾಠಿಯಲ್ಲಿ ಹೇಳಿ, ಡಬ್ಬಿಯನ್ನು ಚೀಲಕ್ಕೆ ಹಾಕಿಕೊಂಡು ಸ್ಕೂಟರ್ ಹತ್ತಿದಳು.

ಅಂಗಡಿಯವನ ಮಾತು ಪೂರ್ತಿ ಸುಳ್ಳಲ್ಲ. ಪುಣೆಯ ಬಿಬವೇವಾಡಿಯಲ್ಲಿ ಅವರ ಕಟ್ಟಡಕ್ಕೆ ಬರುವ ಕೇಬಲ್ಲನ್ನು ರಸ್ತೆ ಅಗೆಯುವವರು ಮಳೆಗಾಲಕ್ಕೆ ಮುಂಚೆಯೇ ಕತ್ತರಿಸಿ ಹೋಗಿದ್ದರು. ಕತ್ತರಿಸುವವರು ಬಂದಷ್ಟು ಬೇಗ ಜೋಡಿಸುವವರು ಯಾವ ಊರಲ್ಲೂ ಬರುವುದಿಲ್ಲ. ಅಲ್ಲಿಯವರೆಗೆ ಇರಲಿ ಎಂದು ಸಿಮ್ ಹಾಕಿದ ಒಂದು ಪುಟ್ಟ ಡಬ್ಬಿಯನ್ನು ತಂದು ಕಿಟಕಿಯ ಸರಳಿಗೆ ಕಟ್ಟಿದ್ದರು. ಅದರಿಂದ ಒಂದು ಫೋಟೊ ಕಳಿಸಲು ಒತ್ತಿ, ಚಹಾ ಮಾಡಿ ಕುಡಿದು, ಲೋಟ ತೊಳೆದಿಟ್ಟು ಬಂದರೂ ಫೋಟೊ ಅರ್ಧ ದಾರಿಯಲ್ಲೇ ಇರುತ್ತಿತ್ತು.

ಆದರೆ ಸುಮಂಗಲಾ ಸದಾಶಿವ ಪೇಠದ ಒಂದು ಕೋಚಿಂಗ್ ಕ್ಲಾಸಿನ ಆಫೀಸಿನಲ್ಲಿ ಆರು ವರ್ಷದಿಂದ ಕೆಲಸ ಮಾಡುತ್ತಿದ್ದವಳು. ಅಲ್ಲಿನ ಎಂಟು ಕ್ಯಾಮೆರಾಗಳ ಮುನಿಸು, ಜ್ವರ, ನೆಗಡಿ ಎಲ್ಲಕ್ಕೂ ಅವಳೇ ವೈದ್ಯೆ. ತನಗೆ ಬೇಕಾದದ್ದು ಇಷ್ಟೇ ಎಂದು ಗೊತ್ತಿದ್ದವರಿಗೆ ಇಷ್ಟೇ ನೆಟ್ಟು ಸಾಕು ಎಂಬುದು ಅವಳ ಲೆಕ್ಕ. ಅವಳಿಗೆ ಬೇಕಾಗಿದ್ದದ್ದು ಒಂದು ದೀಪ ಉರಿಯುತ್ತಿದೆಯೋ ಇಲ್ಲವೋ ಎಂಬ ಸುದ್ದಿ ಮಾತ್ರ.

ಅದು ನವರಾತ್ರಿಯ ದೀಪ. ಅವಳ ಅತ್ತೆ ಕಾಶವ್ವ ಮೂವತ್ತನಾಲ್ಕು ವರ್ಷದಿಂದ ಘಟ್ಟ ಹಾಕುತ್ತ ಬಂದವಳು. ದೇವರ ಜಗಲಿಯ ಮುಂದೆ ಮಣ್ಣು ಹರವಿ, ಕಾಳು ಬಿತ್ತಿ, ನಡುವೆ ಕೊಡ ಇಟ್ಟು, ಪಕ್ಕದಲ್ಲಿ ನಂದಾದೀಪ ಹಚ್ಚಿದರೆ ದಸರೆಯವರೆಗೆ ಅದು ಆರಬಾರದು. ಒಂದು ಆರಿದರೆ ಇನ್ನೊಂದಿರಲಿ ಎಂದು ಜೊತೆಗೊಂದು ಜೋಡಿ ದೀಪ ಇಟ್ಟುಕೊಳ್ಳುವ ರೂಢಿ ಕೆಲವರಲ್ಲಿ ಉಂಟು. ಈ ಮನೆಯಲ್ಲಿ ಇಲ್ಲ. ಆಳಂದದ ಕಡೆಯಿಂದ ಗಾರೆ ಕೆಲಸದ ಗೌಂಡಿ ಗಂಡ ಹೊಳಬಸಪ್ಪನ ಬೆನ್ನು ಹಿಡಿದು ಪುಣೆಗೆ ಬಂದ ಕಾಲಕ್ಕೆ, ಕಟ್ಟುತ್ತಿದ್ದ ಕಟ್ಟಡದ ಪಕ್ಕದ ತಗಡಿನ ಶೆಡ್ಡಿನಲ್ಲೂ ಕಾಶವ್ವ ಸೆರಗು ಅಡ್ಡ ಹಿಡಿದು ದೀಪ ಕಾದಿದ್ದಳು. ಹೊಳಬಸಪ್ಪ ಹೋಗಿ ಎಂಟು ವರ್ಷವಾದರೂ ಘಟ್ಟ ತಪ್ಪಿರಲಿಲ್ಲ.

ಈ ವರ್ಷ ಕೈಕೊಟ್ಟದ್ದು ಕಣ್ಣು. ಎಡಗಣ್ಣು ಮೊದಲಿಂದಲೂ ಮಂದ. ಈಗ ಬಲಗಣ್ಣಿಗೂ ಪೊರೆ ಬಂದಿತ್ತು. ಆಪರೇಶನ್ ದೀಪಾವಳಿ ಆದ ಮೇಲೆ. ಉರಿಯುವ ದೀಪವೂ ಅವಳಿಗೆ ಬೆಳಕಿನ ಮುದ್ದೆ, ಕಿಟಕಿಯೂ ಬೆಳಕಿನ ಮುದ್ದೆ. ಹಣತೆಯಲ್ಲಿ ಎಣ್ಣೆ ಎಷ್ಟಿದೆ ಎಂದು ಬೆರಳು ಅದ್ದಿಯೇ ತಿಳಿಯಬೇಕಿತ್ತು.

ಹಬ್ಬಕ್ಕೆ ಹತ್ತು ದಿನ ಇರುವಾಗ ಹಿರಿಯ ಮಗ ಅವ್ವಣ್ಣ ಭೋರ್ ಎಂಬ ಊರಿನಿಂದ ಬಂದ. ಅಲ್ಲಿ ಅವನದು ಕಿರಾಣಿ ಅಂಗಡಿ. ಮನುಷ್ಯ ಒಳ್ಳೆಯವನು, ತೊಂದರೆ ಇದ್ದದ್ದೇ ಅಲ್ಲಿ. ಕೆಟ್ಟವನ ಮಾತಾಗಿದ್ದರೆ ತಳ್ಳಿಹಾಕಬಹುದಿತ್ತು.

"ಅವ್ವಾ, ನಿನಗ ಕಣ್ಣು ಕಾಣಸಂಗಿಲ್ಲ. ಸುಮಂಗಲಾ ನೌಕರಿಗೆ ಹೋಗ್ತಾಳ, ತಮ್ಮ ಮಾರ್ಕೆಟ್ ಯಾರ್ಡಿಗೆ ಹ್ವಾದ್ರ ಸಂಜಿಗೇ ಬರಾಂವ. ಹಗಲೊತ್ತು ದೀಪ ಯಾರು ನೋಡವ್ರು? ನಮ್ಮನ್ಯಾಗ ಮೂರು ಮಂದಿ ಹೆಣ್ಮಕ್ಕಳು ಹಗಲೆಲ್ಲ ಇರ್ತಾರ. ಘಟ್ಟ ಭೋರಿಗೆ ತಂದ್ಬಿಡು."

ಘಟ್ಟ ಎಲ್ಲಿಯೋ ಕಾಶವ್ವ ಅಲ್ಲಿ ಎಂಬುದು ಆ ಮನೆಯಲ್ಲಿ ಹೇಳಬೇಕಾಗಿಲ್ಲದ ಮಾತು. ದೇವರ ಪೆಟ್ಟಿಗೆ ಹೋದರೆ ಅವಳ ಹಾಸಿಗೆಯೂ ಹೋಗುತ್ತದೆ.

ಕಾಶವ್ವ ಜಗಲಿಯ ಅಂಚನ್ನು ಕೈಯಿಂದ ಸವರಿದಳು. ಆಮೇಲೆ, "ಈ ವರ್ಷ ಇಲ್ಲೇ ಹಾಕ್ತೀನಿ. ಒಂಬತ್ತು ದಿನದಾಗ ಒಮ್ಮಿ ದೀಪ ಆರಿದ್ರೂ ದಸರಾ ದಿನ ಪೆಟ್ಟಿಗಿ ತಗೊಂಡು ನಿನ್ನ ಹಿಂದ ಬರ್ತೀನಿ. ಮಾತು ಅಂದ್ರ ಮಾತು" ಎಂದಳು.

ಒಳಗೆ ಸುಮಂಗಲಾ ಹಾಕಿದ್ದ ರೊಟ್ಟಿ ಹಂಚಿನ ಮೇಲೆ ಸೀದುಹೋಯಿತು. ಅತ್ತೆ ಹೋಗುವುದು ಅವಳಿಗೆ ಬೇಡವಾಗಿತ್ತು. ಹದಿನಾಲ್ಕು ವರ್ಷದಲ್ಲಿ ಇಬ್ಬರೂ ಜಗಳವಾಡದ ದಿನ ಇಬ್ಬರಿಗೂ ಊಟ ರುಚಿಸಿದ್ದಿಲ್ಲ ಎಂಬುದು ನಿಜ. ಆದರೆ ಆರು ವರ್ಷದ ಹಿಂದೆ ನೌಕರಿಯ ಮಾತು ಬಂದಾಗ ಗಂಡ ಅಂಬಾದಾಸ ಮೀನಮೇಷ ಎಣಿಸುತ್ತ ಕೂತಿದ್ದರೆ, "ಹೋಗು, ಮುಂಜಾನಿ ರೊಟ್ಟಿ ನಾ ಬಡೀತೀನಿ" ಎಂದವಳು ಕಾಶವ್ವ. ಅಂದಿನಿಂದ ಒಂದು ದಿನವೂ ಸುಮಂಗಲಾಳ ಡಬ್ಬಿ ಖಾಲಿ ಹೋಗಿರಲಿಲ್ಲ. ಅಂಥವಳನ್ನು ಒಂದು ಬತ್ತಿಯ ಕಾರಣಕ್ಕೆ ಕಳಿಸಿಕೊಡುವುದು ಹೇಗೆ?

"ಒಂಬತ್ತು ದಿನ ರಜಾ ಹಾಕು" ಎಂದ ಅಂಬಾದಾಸ.

"ಹತ್ತನೇ ಕ್ಲಾಸಿನ ಹುಡುಗರ ಪರೀಕ್ಷಾ ನಡದದ. ಯಾರು ಕೊಡ್ತಾರ?"

"ಅಕ್ಕಿ ಮ್ಯಾಲೂ ಆಸೆ, ನೆಂಟರ ಮ್ಯಾಲೂ ಪ್ರೀತಿ ಅಂದ್ರ ಹ್ಯಾಂಗ?"

"ಅಕ್ಕೀನೂ ನಂದೇ, ನೆಂಟರೂ ನಮ್ಮವ್ರೇ. ನೀವು ಮೊಳಿ ಹೊಡಿಯೂದಷ್ಟು ಮಾಡ್ರಿ" ಎಂದಳು ಸುಮಂಗಲಾ.

ಮೊಳೆಯನ್ನು ನಡುಬಾಗಿಲ ಮೇಲೆ, ಜಗಲಿಗೆ ನೇರ ಎದುರಾಗಿ ಹೊಡೆದರು. ಸುಮಂಗಲಾ ಸ್ಟೂಲು ಹತ್ತಿ ಕ್ಯಾಮೆರಾ ಸಿಕ್ಕಿಸಿದಳು. ಕೆಳಗೆ ಕಾಶವ್ವ ಸ್ಟೂಲಿನ ಕಾಲು ಹಿಡಿದುಕೊಂಡಿದ್ದಳು.

"ಇದು ನನ್ನ ನೋಡತದೇನು?"

"ನಿಮ್ಮನ್ನಲ್ರಿ ಅತ್ತಿ, ದೀಪ ನೋಡತದ."

"ನಡುವ ನಾ ಬಂದ್ರ?"

"ನಿಮ್ಮನ್ನೂ ನೋಡತದ."

"ಹಂಗಾರ ಛಲೋ ಸೀರಿ ಉಡಬೇಕು" ಎಂದು ಕಾಶವ್ವ, ಸೊಸೆ ಇಳಿದ ಮೇಲೆ ಸ್ಟೂಲಿನ ಮೇಲೆ ತಾನೂ ಹತ್ತಿ, ಆ ಹೊಸ ಸಾಮಾನನ್ನು ಬೆರಳಿನಿಂದ ಸವರಿ ನೋಡಿದಳು. ನುಣುಪಾದ ಗಾಜು ಎಲ್ಲಿದೆ, ಗಟ್ಟಿ ಪ್ಲಾಸ್ಟಿಕ್ಕು ಎಲ್ಲಿದೆ ಎಂದು ಕೇಳಿ ತಿಳಿದುಕೊಂಡಳು. ಕಣ್ಣು ಮಂದವಾದಂದಿನಿಂದ ಮನೆಗೆ ಬಂದ ಹೊಸ ವಸ್ತುವನ್ನೆಲ್ಲ ಅವಳು ಹೀಗೆಯೇ ಪರಿಚಯ ಮಾಡಿಕೊಳ್ಳುತ್ತಿದ್ದಳು.

ಮೊದಲ ಪರೀಕ್ಷೆಯಲ್ಲಿ ಅಂಗಡಿಯವನೇ ಗೆದ್ದ. ಅಂಬಾದಾಸ ಮಾರ್ಕೆಟ್ ಯಾರ್ಡಿನಿಂದ ಫೋನು ಮಾಡಿ, ಕ್ಯಾಮೆರಾದಲ್ಲಿ ನೀನು ಅರ್ಧ ಗಂಟೆಯಿಂದ ಬಾಯಿ ತೆರೆದುಕೊಂಡೇ ನಿಂತಿದ್ದೀ, ಕತ್ತಿನ ಕೆಳಗೆ ಇನ್ನೂ ಏನೂ ಬಂದಿಲ್ಲ ಎಂದ. ಸುಮಂಗಲಾ ಸೆರಗು ಸಿಕ್ಕಿಸಿಕೊಂಡು ಕೂತಳು. ಹೊರಗೆ ಹೋಗುವ ಚಿತ್ರದ ಅಳತೆಯನ್ನು ಇದ್ದುದರಲ್ಲೇ ಸಣ್ಣದಕ್ಕೆ ಇಳಿಸಿದಳು. ಸೆಕೆಂಡಿಗೆ ಹದಿನೈದು ಚಿತ್ರ ಹೋಗುತ್ತಿದ್ದಲ್ಲಿ ಎರಡು ಸಾಕು ಎಂದಳು. ದೊಡ್ಡ, ಸ್ವಚ್ಛವಾದ ಚಿತ್ರವೆಲ್ಲ ಸದ್ದಿನ ಸಮೇತ ಕ್ಯಾಮೆರಾದ ಹೊಟ್ಟೆಯಲ್ಲಿರುವ ಉಗುರಿನಷ್ಟು ಕಾರ್ಡಿನಲ್ಲಿ ಉಳಿಯಲಿ, ಅದಕ್ಕೆ ನೆಟ್ಟು ಬೇಕಿಲ್ಲ. ಕೊನೆಗೆ ಫೋನಿನ ಪರದೆಯಲ್ಲಿ ದೀಪದ ಕುಡಿಯ ಸುತ್ತ ಬೆರಳಿನಿಂದ ಒಂದು ಚೌಕ ಎಳೆದು, ಇದರೊಳಗೆ ಏನಾದರೂ ಅಲುಗಿದರೆ ಮಾತ್ರ ನನಗೆ ಹೇಳು ಎಂದು ಕ್ಯಾಮೆರಾಕ್ಕೆ ತಾಕೀತು ಮಾಡಿದಳು. ಮರುದಿನ ಅಂಬಾದಾಸನಿಗೆ ಚಿತ್ರ ಬಂತು. ನಾಲ್ಕು ನಿಮಿಷ ತಡವಾಗಿ ಬಂತು, ಆದರೆ ಪೂರ್ತಿ ಬಂತು.

ಘಟ್ಟ ಕೂತ ಮೊದಲ ದಿನ ಆಫೀಸಿನಲ್ಲಿ ಅವಳ ಫೋನು ನಿಮಿಷಕ್ಕೊಮ್ಮೆ ಗುಂಯ್‌ಗುಟ್ಟತೊಡಗಿತು. ಚಲನೆ ಕಂಡಿದೆ, ಚಲನೆ ಕಂಡಿದೆ. ಪಕ್ಕದ ಮೇಜಿನ ದೀಪಾಲಿ, ನಿಮ್ಮ ಮನೆಗೆ ಕಳ್ಳರು ಸಾಲು ಹಿಡಿದು ಬರುತ್ತಿದ್ದಾರಾ ಎಂದು ಮರಾಠಿಯಲ್ಲಿ ಕೇಳಿ ನಕ್ಕಳು. ಕಳ್ಳರಲ್ಲ, ದೀಪದ ಕುಡಿ. ಅದು ಅಲುಗುವುದೇ ಅದರ ಗುಣ. ಈ ಕಾಟ ಸಾಕು ಎಂದು ಸುಮಂಗಲಾ ಸೂಚನೆಗಳನ್ನು ಬಂದ್ ಮಾಡಲು ಹೊರಟವಳು, ಬೆರಳು ಪರದೆಯ ಮೇಲಿರುವಂತೆಯೇ ನಿಂತಳು.

ಚಿತ್ರ ತೆರೆಯಲು ನಾಲ್ಕು ನಿಮಿಷ ಬೇಕು. ಆದರೆ ಈ ಒಂದು ಸಾಲಿನ ಸೂಚನೆ ಎಂಥ ಬಡಕಲು ನೆಟ್ಟಿನಲ್ಲೂ ನುಸುಳಿ ಬರುತ್ತಿದೆ. ಕುಡಿ ಅಲುಗಿದರೆ ಸೂಚನೆ. ಅಲುಗಬೇಕಾದರೆ ಅದು ಉರಿಯುತ್ತಿರಬೇಕು. ಹಾಗಾದರೆ ಫೋನು ಗುಂಯ್‌ಗುಟ್ಟುವವರೆಗೆ ದೀಪ ಇದೆ ಎಂದರ್ಥ. ಹೆದರಬೇಕಾದದ್ದು ಅದು ಸುಮ್ಮನಾದಾಗ.

ಅವಳಿಗೆ ತನ್ನ ಬಗ್ಗೆ ಒಳ್ಳೆಯ ಹೆಮ್ಮೆಯೇ ಆಯಿತು. ಐದು ನಿಮಿಷಕ್ಕೊಂದು ಸೂಚನೆ ಸಾಕು ಎಂದು ಗೊತ್ತುಮಾಡಿ ಫೋನನ್ನು ಮೇಜಿನ ಅಂಚಿನಲ್ಲಿಟ್ಟುಕೊಂಡಳು. ಮೂರನೆಯ ದಿನ ಮಧ್ಯಾಹ್ನ ಒಮ್ಮೆ ಹತ್ತು ನಿಮಿಷ ಸದ್ದಿಲ್ಲ. ತಕ್ಷಣ ಮನೆಗೆ ಫೋನು ಹಚ್ಚಿದಳು.

"ಅತ್ತಿ, ಎಣ್ಣಿ."

ಕಾಶವ್ವ ಬೆರಳು ಅದ್ದಿ ನೋಡಿದಳು. ಎಣ್ಣೆ ತಳ ಕಂಡಿತ್ತು, ಕುಡಿ ಜೋಳದ ಕಾಳಿನಷ್ಟಾಗಿತ್ತು. ಎಣ್ಣೆ ಸುರಿದು ಬತ್ತಿ ಮೇಲೆತ್ತಿದ ಮೇಲೆ ಸುಮಂಗಲಾಳ ಮೇಜು ಮತ್ತೆ ಗುಂಯ್ ಎಂದಿತು. ಆಮೇಲೆ ದಿನಕ್ಕೆ ಎರಡು ಸಲ ಇದೇ ಮಾತು, ಇಷ್ಟೇ ಮಾತು. ಐದನೆಯ ದಿನ ಕಾಶವ್ವ ಭೋರಿಗೆ ಫೋನು ಮಾಡಿ, "ನನ್ನ ಸೊಸಿ ಸದಾಶಿವ ಪೇಠದಾಗ ಕುಂತು ಬಿಬವೇವಾಡಿ ಬತ್ತಿ ಏರಸ್ತಾಳ. ನಿಮ್ಮ ಮೂರು ಮಂದಿ ಹೆಣ್ಮಕ್ಕಳಿಗೆ ಬರತದೇನು ಕೇಳು" ಎಂದು ಜಂಬ ಕೊಚ್ಚಿದಳು.

ಎಂಟು ದಿನ ಹೀಗೆ ದಾಟಿತು. ಒಂಬತ್ತನೆಯ ದಿನ ಖಂಡೇನವಮಿ, ಹತಾರ ಸಲಕರಣೆಗಳಿಗೆ ಪೂಜೆ ಮಾಡುವ ದಿನ. ಆಫೀಸಿನಲ್ಲೂ ಕಂಪ್ಯೂಟರುಗಳಿಗೆ ಚೆಂಡುಹೂ ಏರಿಸಿದ್ದರು. ಹನ್ನೊಂದೂ ಐದಕ್ಕೆ ಫೋನು ಗುಂಯ್ ಎಂದಿತು. ಹನ್ನೊಂದೂ ಹತ್ತಕ್ಕೆ ಇಲ್ಲ, ಹದಿನೈದಕ್ಕೂ ಇಲ್ಲ. ಸುಮಂಗಲಾ ಮನೆಗೆ ಫೋನು ಹಚ್ಚಿದಳು. ರಿಂಗಾಗಿ ರಿಂಗಾಗಿ ನಿಂತಿತು. ಮತ್ತೆ ಹಚ್ಚಿದಳು. ಕೆಳಮನೆಯ ರಂಜನಾಗೆ ಫೋನು ಮಾಡಿದರೆ ಆಕೆ ದೇವಿಯ ಗುಡಿಯ ಸಾಲಿನಲ್ಲಿ ನಿಂತಿದ್ದಳು. ಚಿತ್ರವನ್ನೇ ತೆರೆದಳು. ಅದು ಎಂದಿನಂತೆ ಮೇಲಿನಿಂದ ಒಂದೊಂದೇ ಎಳೆಯಾಗಿ ಇಳಿಯತೊಡಗಿತು. ಮೊದಲ ಎಳೆ ಕಪ್ಪುಗೆಂಪು, ಎರಡನೆಯದೂ ಕಪ್ಪುಗೆಂಪು. ಅರ್ಧ ಇಳಿದರೂ ಜಗಲಿಯಿಲ್ಲ, ಕೊಡವಿಲ್ಲ, ದೀಪವಿಲ್ಲ.

ಅವಳು ದೀಪಾಲಿಗೆ ಒಂದು ಮಾತು ಹೇಳಿ ಸ್ಕೂಟರ್ ತೆಗೆದಳು. ಹೆದರಿಕೆ ಆಗಲಿಲ್ಲ ಎಂದರೆ ಸುಳ್ಳು. ಸ್ವಾರಗೇಟಿನ ಸಿಗ್ನಲ್ಲಿನಲ್ಲಿ ನಿಂತಾಗ ಅವಳ ಕಣ್ಣ ಮುಂದೆ ದೇವರ ಪೆಟ್ಟಿಗೆ, ಅದರ ಮೇಲೆ ಮಡಿಚಿಟ್ಟ ಅತ್ತೆಯ ಕೌದಿ ಬಂದವು. ಎಂಟು ದಿನ ಗೆದ್ದು ಒಂಬತ್ತನೆಯ ದಿನ ಸೋಲುವುದು ಅವಳಿಗೆ ಸಹಿಸಲಾಗದ ಮಾತಾಗಿತ್ತು. ಅತ್ತೆಗೆ ಏನಾದರೂ ಆಗಿರಬಹುದೇ ಎಂಬ ಯೋಚನೆ ಆಮೇಲೆ ಬಂತು. ಅದು ತಡವಾಗಿ ಬಂದದ್ದಕ್ಕೆ ನಾಚಿಕೆಯೂ ಆಯಿತು.

ಮೂರು ಮಹಡಿ ಒಂದೇ ಉಸಿರಿಗೆ ಹತ್ತಿದಳು. ಬಾಗಿಲು ತೆರೆದಿತ್ತು. ಊದಿನಕಡ್ಡಿಯ ಹೊಗೆಯ ಆಚೆ ದೀಪ ಉರಿಯುತ್ತಿತ್ತು. ಅದರ ಮುಂದೆ ಕಾಶವ್ವ ಛಲೋ ಸೀರೆ ಉಟ್ಟು ಕೂತಿದ್ದಳು. ಎದುರಿಗೆ ಸಾಲಾಗಿ ಈಳಿಗೆ, ರೊಟ್ಟಿಯ ಹಂಚು, ಹೊಳಬಸಪ್ಪ ಗಾರೆ ಮೆತ್ತುತ್ತಿದ್ದ ಕರಣಿ, ಅವನ ತೂಗುಗುಂಡು, ಕೊನೆಯಲ್ಲಿ ಕಾಶವ್ವನ ಫೋನು. ಎಲ್ಲಕ್ಕೂ ವಿಭೂತಿ, ಕುಂಕುಮ, ಒಂದೊಂದು ಚೆಂಡುಹೂ. ಸುಮಂಗಲಾ ತಿರುಗಿ ನಡುಬಾಗಿಲ ಮೇಲೆ ನೋಡಿದಳು. ಕ್ಯಾಮೆರಾದ ಗಾಜಿನ ಮೇಲೆ ಹೆಬ್ಬೆರಳಗಲ ಹಸಿ ಕುಂಕುಮ ಮೆತ್ತಿತ್ತು.

"ಅತ್ತಿ, ಫೋನ್ ಯಾಕ ಎತ್ತಲಿಲ್ರಿ?"

"ಇವತ್ತ ಖಂಡೇಪೂಜಿ. ಪೂಜಾಕ್ಕ ಕುಂತ ಹತಾರ ಎತ್ತತಾರೇನು? ನಿಮ್ಮ ಮಾವ ಈ ದಿನ ಕರಣಿ ಮುಟ್ಟತಿದ್ದಿಲ್ಲ."

"ಮತ್ತ ಕ್ಯಾಮೆರಾಕ್ಕ?"

"ಅದೂ ಹತಾರ ಅಲ್ಲೇನು? ಹಗಲೂ ರಾತ್ರಿ ದುಡದದ. ಅದಕ್ಕೊಂದು ಬೊಟ್ಟು ಇಡಬಾರದಾ?"

"ಕಣ್ಣಿಗೇ ಇಟ್ಟೀರಲ್ರಿ."

"ನನಗೇನು ಕಾಣತದವ್ವಾ, ಅದರ ಕಣ್ಣೆಲ್ಲಿ, ಮೂಗೆಲ್ಲಿ."

ಸುಮಂಗಲಾ ನೆಲದ ಮೇಲೆ ಕೂತು ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಒರೆಸಲು ಎದ್ದರೆ, ನಾಳೆ ಪೂಜೆ ಆಗುವವರೆಗೆ ಹತಾರ ಮುಟ್ಟಬೇಡ ಎಂದು ಕಾಶವ್ವ ತಡೆದಳು. ಇನ್ನು ಕ್ಯಾಮೆರಾ ಯಾಕೆ, ನಾನೇ ಇದ್ದೇನಲ್ಲ ಎಂದು ಸುಮಂಗಲಾ ಅರ್ಧ ದಿನದ ರಜೆ ಹೇಳಿ, ದೀಪದ ಪಕ್ಕದಲ್ಲೇ ಕೂತು ಹೂಮಾಲೆ ಕಟ್ಟಿದಳು. ತನ್ನ ಕ್ಯಾಮೆರಾ ಮಾವನ ಕರಣಿಯ ಸಾಲಿಗೆ ಸೇರಿತು ಎಂಬ ಸಂತೋಷ ಅವಳನ್ನು ಇಡೀ ದಿನ ಬಿಡಲಿಲ್ಲ.

ದಸರೆಯ ಬೆಳಿಗ್ಗೆ ಪೂಜೆ ಮುಗಿದ ಮೇಲೆ ಅವಳು ಗಾಜು ಒರೆಸಿದಳು. ಅವ್ವಣ್ಣ ಮಧ್ಯಾಹ್ನ ಬರುವವನಿದ್ದ. ಬರಿಯ ಬಾಯಿಮಾತು ಯಾಕೆ, ದಿನಕ್ಕೊಂದು ತುಣುಕಿನಂತೆ ಒಂಬತ್ತೂ ದಿನದ ದೀಪ ತೋರಿಸಿಯೇ ಬಿಡುತ್ತೇನೆ ಎಂದು ಕಾರ್ಡು ಹೊರತೆಗೆದು ಫೋನಿಗೆ ಸಿಕ್ಕಿಸಿ, ಕಿವಿಗೆ ವೈರು ಹಾಕಿಕೊಂಡು ಅಡುಗೆಮನೆಯಲ್ಲಿ ಕೂತಳು. ಕಾಶವ್ವ ಹೊರಗೆ ಕಡಲೆಬೇಳೆ ಆರಿಸುತ್ತಿದ್ದಳು.

ಎಂಟು ದಿನ ಸರಿಯಾಗಿತ್ತು. ಒಂಬತ್ತನೆಯ ದಿನದ ಚಿತ್ರದಲ್ಲಿ ಹನ್ನೊಂದೂ ಎಂಟಕ್ಕೆ ಕಾಶವ್ವ ಎಣ್ಣೆಯ ತಂಬಿಗೆ ಬಾಗಿಸಿದಳು. ಧಾರೆ ದಪ್ಪವಾಯಿತು, ಬತ್ತಿ ಮುಳುಗಿತು, ಚುಂಯ್ ಎಂದಿತು. ದೀಪ ಆರಿತು.

ಕಾಶವ್ವನಿಗೆ ಅದು ಕಾಣಲಿಲ್ಲ. ಮೂಗಿಗೆ ಬತ್ತಿಯ ಹೊಗೆ ತಾಗಿದ್ದು ಮುಖದಲ್ಲಿ ತಿಳಿಯುತ್ತಿತ್ತು. ಕುಡಿಯಿದ್ದ ಕಡೆ ಅಂಗೈ ಹಿಡಿದು ನೋಡಿದಳು. ಬಿಸಿಯಿಲ್ಲ. ಆಮೇಲೆ ನಿಧಾನವಾಗಿ ತಲೆಯೆತ್ತಿ ನಡುಬಾಗಿಲಿನ ಕಡೆ, ನೇರ ಸುಮಂಗಲಾಳ ಕಡೆಗೇ ನೋಡಿದಳು. ಕುಂಕುಮದ ಬಟ್ಟಲು ಹಿಡಿದು, ಕಾಲಿನಿಂದ ತಡಕಿ ಸ್ಟೂಲು ಎಳೆದು ಹತ್ತಿದಳು. ಒಂದು ಬೆರಳು ಪ್ಲಾಸ್ಟಿಕ್ಕು ಸವರಿತು, ಗಾಜು ಸವರಿತು, ದೊಡ್ಡದಾಯಿತು. ಪರದೆ ಪೂರ್ತಿ ಕೆಂಪಾಯಿತು.

ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿಯುತ್ತದೆ ಎಂದು ಗಾದೆ. ಈ ಬೆಕ್ಕು ತನ್ನ ಕಣ್ಣಲ್ಲ, ನೋಡುವವರ ಕಣ್ಣೇ ಮುಚ್ಚಿತ್ತು. ಆದರೆ ಚಿತ್ರ ನಿಂತರೂ ಸದ್ದು ನಿಂತಿರಲಿಲ್ಲ. ಸುಮಂಗಲಾಳ ಕಿವಿಯಲ್ಲಿ ಕಡ್ಡಿಪೆಟ್ಟಿಗೆ ಗೀರಿದ ಸದ್ದು ಬಂತು. ಹತ್ತಲಿಲ್ಲ. ಇನ್ನೊಂದು. ಅದೂ ಹತ್ತಲಿಲ್ಲ. ಮೂರನೆಯದು ಭಗ್ಗೆಂದಿತು. ಅದರ ಹಿಂದೆ ಅತ್ತೆಯ ಧ್ವನಿ, ಗುಡಿಯಲ್ಲಿ ಬೇಡಿಕೊಳ್ಳುವಾಗಿನ ಸಣ್ಣ ಧ್ವನಿ.

"ತಾಯೀ, ನಿನ್ನಿಂದೇನು ಮುಚ್ಚಿಡಲಿ. ಮಾತು ತಪ್ಪೀನಿ, ಶಿಕ್ಷಾ ಕೊಡೂದಿದ್ರ ನನಗ ಕೊಡು. ಭೋರಿಗೆ ಮಾತ್ರ ಬ್ಯಾಡ. ಅಲ್ಲಿ ಥಂಡಿ ಭಾಳ, ನಿನಗೂ ಆಗಂಗಿಲ್ಲ. ಈ ಹುಡುಗೀನ ಬಿಟ್ಟು ನನಗ ಇರಾಕ ಆಗಂಗಿಲ್ಲವ್ವಾ."

ಸುಮಂಗಲಾ ಅದನ್ನು ಎರಡನೆಯ ಸಲ ಕೇಳಲಿಲ್ಲ. ಕೇಳಿದರೆ ಅಳು ಹೊರಗೆ ಕೇಳಿಸುತ್ತಿತ್ತು. ಒಂಬತ್ತನೆಯ ದಿನವನ್ನು ಕಾರ್ಡಿನಿಂದ ಅಳಿಸಿಹಾಕಿದಳು. ಅಳಿಸಲಿಕ್ಕೂ ನೆಟ್ಟು ಬೇಕಾಗಲಿಲ್ಲ. ಮುಖ ತೊಳೆದು ಹೂರಣ ರುಬ್ಬಲು ಕೂತಳು.

ಅವ್ವಣ್ಣ ಟೆಂಪೊ ಮಾಡಿಕೊಂಡೇ ಬಂದಿದ್ದ. ತಾಯಿಯ ಕಾಲಿಗೆ ಬಿದ್ದು, ಬನ್ನಿ ಕೊಟ್ಟು, ತಮ್ಮನಿಗೂ ಕೊಟ್ಟು ಕೂತ ಮೇಲೆ ಕೇಳಿದ.

"ಏನವ್ವಾ, ದೀಪ ಒಮ್ಮೀನೂ ಆರಲಿಲ್ಲೇನು?"

ಕಾಶವ್ವ ಬನ್ನಿಯ ಎಲೆಯನ್ನು ಮುಷ್ಟಿಯೊಳಗೆ ಮುಚ್ಚಿಕೊಂಡಳು. ಬನ್ನಿ ಕೈಯಲ್ಲಿ ಹಿಡಿದು ಸುಳ್ಳು ಹೇಳುವ ಹೆಂಗಸಲ್ಲ ಅವಳು. "ನನಗೇನು ಕಣ್ಣು ಕಾಣತದಪ್ಪಾ. ನೋಡಿದಾಕಿ ಅಕೀ, ಅಕೀನ ಕೇಳು" ಎಂದಳು.

ಅವ್ವಣ್ಣ ತಿರುಗಿದ. ಸುಮಂಗಲಾಳ ಕೈಯಲ್ಲಿ ಬನ್ನಿ ಇರಲಿಲ್ಲ, ಹೋಳಿಗೆಯ ತಾಟು ಇತ್ತು.

"ಆರಿಲ್ರಿ ಭಾವಾರ. ಬೇಕಾರ ಕಾರ್ಡ್ ನೋಡ್ರಿ. ಆರಿದ್ದು ಎಲ್ಲೂ ಇಲ್ಲ" ಎಂದಳು ಅವಳು. ಹೇಳುವಾಗ ಅವಳ ಧ್ವನಿ ಅಂಗಡಿಯವನ ಮುಂದೆ ಇದ್ದಷ್ಟೇ ಗಟ್ಟಿಯಾಗಿತ್ತು.

ಅವ್ವಣ್ಣನಿಗೆ ಕಾರ್ಡು ಬೇಕಾಗಲಿಲ್ಲ. ನನಗೂ ಒಂದು ಚಿಂತೆ ಹೋಯಿತು ಎಂದು ನಾಲ್ಕು ಹೋಳಿಗೆ ತಿಂದು, ಖಾಲಿ ಟೆಂಪೊ ತೆಗೆದುಕೊಂಡು ಸಂಜೆಗೆ ಮುಂಚೆ ಹೊರಟ. ಅಂಬಾದಾಸ ಅಣ್ಣನನ್ನು ಕಳಿಸಲು ಕೆಳಗಿಳಿದ.

ಮನೆಯಲ್ಲಿ ಇಬ್ಬರೇ ಉಳಿದರು. ಸುಮಂಗಲಾ ಗೂಡಿನಿಂದ ಹೊಸ ಕಡ್ಡಿಪೆಟ್ಟಿಗೆ ತಂದು ಜಗಲಿಯ ಮೇಲಿಟ್ಟಳು, ಹಳೆಯದನ್ನು ಎತ್ತಿಕೊಂಡಳು.

"ಹಳೇದು ಥಂಡಿ ಹಿಡದದ್ರಿ ಅತ್ತಿ. ಮೂರು ಕಡ್ಡಿ ಗೀರಬೇಕು, ಅಂದ್ರ ಒಂದು ಹತ್ತತದ."

ಕಾಶವ್ವ ಘಟ್ಟದ ಮಣ್ಣಿನಲ್ಲಿ ಗೇಣುದ್ದ ಬೆಳೆದ ಸಸಿಗಳನ್ನು ಬೆರಳಿನಿಂದ ಸವರುತ್ತ ಕೂತಿದ್ದಳು. ಕೈ ಅಲ್ಲೇ ನಿಲ್ಲಿಸಿ ಕೇಳಿದಳು.

"ಅದಕ್ಕ ಕಿವೀನೂ ಅದಾವೇನು?"

"ಅದಾವ್ರಿ."

"ಇರಲಿ" ಎಂದಳು ಕಾಶವ್ವ. "ಬರೂ ವರ್ಷ ಕಿವಿಗೂ ಕುಂಕುಮ ಇಡ್ತೀನಿ."